ಬ್ರೇಕಿಗೆ ಕಾಲಿಟ್ಟರೆ ಕಾರಿಗೇಕೆ ನಡುಕ?

‘ಊರೊಳಗೆ ಏನೂ ಗೊತ್ತಾಗಲ್ಲ ಸಾರ್. ಹೈವೇಲಿ ತೊಂಬತ್ತರಲ್ಲಿ ಹೋಗ್ತಿರುವಾಗ ಬ್ರೇಕ್ ಹಾಕಿದ್ರೆ ಸ್ಟೇರಿಂಗ್ ಗಡಗಡ ಅನ್ನುತ್ತೆ. ಪೆಡಲ್ಲೂ ಕಾಲಿಗೆ ಒದ್ದಂಗಾಗುತ್ತೆ.’

ಯಾವ ಊರಿನ ಗ್ಯಾರೇಜಿನಲ್ಲಿ ಅರ್ಧ ದಿನ ಕೂತರೂ ಈ ದೂರು ಕಿವಿಗೆ ಬೀಳುತ್ತದೆ. ಅದಕ್ಕೆ ಸಿಗುವ ಉತ್ತರವೂ ಎಲ್ಲ ಕಡೆ ಒಂದೇ: ‘ಡಿಸ್ಕ್ ಬೆಂಡ್ ಆಗಿದೆ, ಚೇಂಜ್ ಮಾಡ್ಬೇಕು.’ ಚಕ್ರ ಬಿಚ್ಚುವ ಮೊದಲೇ ತೀರ್ಪು ಬಂದಿರುತ್ತದೆ. ಮಾಲೀಕರು ಹೂಂ ಅನ್ನುತ್ತಾರೆ. ಹೊಸ ಡಿಸ್ಕ್, ಹೊಸ ಪ್ಯಾಡ್, ಕೆಲವು ಸಾವಿರ ರೂಪಾಯಿಯ ಬಿಲ್ಲು. ಕಾರು ಬೆಣ್ಣೆಯಂತೆ ನಿಲ್ಲತೊಡಗುತ್ತದೆ. ಐದಾರು ಸಾವಿರ ಕಿಲೋಮೀಟರ್ ಓಡಿದ ಮೇಲೆ ಅದೇ ಗಡಗಡ ಮತ್ತೆ ಶುರು. ‘ಡಿಸ್ಕ್ ಕ್ವಾಲಿಟಿ ಸರಿ ಇಲ್ಲ’ ಎಂದು ಕಂಪನಿಯನ್ನೋ, ‘ರಸ್ತೆ ಸರಿ ಇಲ್ಲ’ ಎಂದು ಸರ್ಕಾರವನ್ನೋ ಬೈದು ಮತ್ತೊಂದು ಜೋಡಿ ಹಾಕಿಸುವುದು ನಮ್ಮಲ್ಲಿ ನಡೆದುಬಂದ ರೂಢಿ.

ತಪ್ಪು ಡಿಸ್ಕಿನದಲ್ಲ, ರಸ್ತೆಯದೂ ಅಲ್ಲ. ರೋಗ ಯಾವುದೆಂದು ನೋಡದೆ ಔಷಧ ಕೊಟ್ಟದ್ದು ತಪ್ಪು. ಬ್ರೇಕ್ ಹಾಕಿದಾಗಿನ ನಡುಕ ಬಹುಪಾಲು ಸಂದರ್ಭದಲ್ಲಿ ಅಳೆದು ಹಿಡಿಯಬಹುದಾದ ದೋಷ. ಅಳೆಯದೆ ಭಾಗ ಬದಲಿಸಿದರೆ ದೋಷ ಕಾರಿನಲ್ಲೇ ಉಳಿಯುತ್ತದೆ, ದುಡ್ಡು ಮಾತ್ರ ಹೋಗುತ್ತದೆ.

ಶಾಖವಾಗುವ ವೇಗ

ಬ್ರೇಕ್ ಮಾಡುವ ಕೆಲಸ ಒಂದೇ. ಓಡುತ್ತಿರುವ ಕಾರಿನ ಚಲನಶಕ್ತಿಯನ್ನು ಘರ್ಷಣೆಯಿಂದ ಶಾಖವಾಗಿಸಿ ಗಾಳಿಗೆ ಬಿಡುವುದು. ಜನ, ಸಾಮಾನು ಎಲ್ಲ ಸೇರಿ 1,200 ಕಿಲೋ ತೂಗುವ ಕಾರು ಗಂಟೆಗೆ 80 ಕಿ.ಮೀ. ವೇಗದಲ್ಲಿದ್ದರೆ ಅದರ ಚಲನಶಕ್ತಿ ಸುಮಾರು 3 ಲಕ್ಷ ಜೌಲ್. ಒಂದು ಲೀಟರ್ ತಣ್ಣೀರನ್ನು ಹೆಚ್ಚುಕಡಿಮೆ ಕುದಿಯುವ ಹಂತಕ್ಕೆ ತರಲು ಬೇಕಾಗುವಷ್ಟು ಶಾಖ ಅದು. ವೇಗ ನೂರಕ್ಕೇರಿದರೆ ಇದು 4.6 ಲಕ್ಷ ಜೌಲ್ ದಾಟುತ್ತದೆ. ವೇಗ ಕಾಲು ಪಾಲು ಹೆಚ್ಚಿದರೆ ಬ್ರೇಕಿನ ಹೊರೆ ಅರ್ಧಕ್ಕಿಂತ ಹೆಚ್ಚು ಬೆಳೆಯುತ್ತದೆ.

ನಿಲ್ಲಿಸುವಾಗ ಕಾರಿನ ಭಾರ ಮುಂದಕ್ಕೆ ವಾಲುವುದರಿಂದ ಈ ಶಕ್ತಿಯಲ್ಲಿ ಹೆಚ್ಚಿನ ಪಾಲು, ಸುಮಾರು ಶೇ 70ರಷ್ಟು, ಮುಂದಿನ ಎರಡು ಡಿಸ್ಕ್‌ಗಳ ಮೇಲೆ ಬೀಳುತ್ತದೆ. ಒಂದೊಂದು ಡಿಸ್ಕ್ 5 ಕಿಲೋ ತೂಕದ್ದೆಂದು ಇಟ್ಟುಕೊಂಡರೂ, 80ರಿಂದ ಒಮ್ಮೆ ಪೂರ್ತಿ ನಿಲ್ಲಿಸಿದರೆ ಅದರ ಬಿಸಿ 45 ಡಿಗ್ರಿಯಷ್ಟು ಏರುತ್ತದೆ. ಅದು ಆರುವ ಮೊದಲೇ ಮತ್ತೆ ಮತ್ತೆ ಬ್ರೇಕ್ ಹಾಕುತ್ತಿದ್ದರೆ ಬಿಸಿ ಒಂದರ ಮೇಲೊಂದು ಕೂಡುತ್ತಾ ಹೋಗುತ್ತದೆ. ಈ ಬೇಗೆಯನ್ನು ತಡೆಯಲೆಂದೇ ಡಿಸ್ಕ್‌ಗಳನ್ನು ಗ್ರಾಫೈಟ್ ಎಸಳುಗಳಿರುವ ಬೂದು ಬಣ್ಣದ ಎರಕದ ಕಬ್ಬಿಣದಿಂದ ಮಾಡುತ್ತಾರೆ. ಅದು ಶಾಖವನ್ನು ಬೇಗ ಹರಡುತ್ತದೆ, ಕಂಪನವನ್ನೂ ನುಂಗುತ್ತದೆ. ಮುಂದಿನ ಡಿಸ್ಕ್‌ಗಳು ಎರಡು ಪದರವಾಗಿ, ನಡುವೆ ಗಾಳಿ ಹಾಯುವ ಸಂದು ಬಿಟ್ಟು ಇರುವುದೂ ಇದಕ್ಕೇ.

ಡಿಸ್ಕ್ ಬ್ರೇಕಿನ ವಿಚಾರ ಹೊಸತಲ್ಲ. ಇಂಗ್ಲೆಂಡಿನ ಫ್ರೆಡರಿಕ್ ಲ್ಯಾಂಚೆಸ್ಟರ್ ಅದಕ್ಕೆ ಪೇಟೆಂಟ್ ಪಡೆದದ್ದು 1902ರಲ್ಲಿ. ಜಗತ್ತು ಅದನ್ನು ಗಂಭೀರವಾಗಿ ನೋಡಿದ್ದು 1953ರಲ್ಲಿ, ಡನ್‌ಲಪ್ ಡಿಸ್ಕ್ ಬ್ರೇಕ್ ತೊಟ್ಟ ಜಾಗ್ವಾರ್ ಸಿ-ಟೈಪ್ ಕಾರು ಲೆ ಮಾನ್ಸ್‌ನ 24 ಗಂಟೆಗಳ ರೇಸ್ ಗೆದ್ದಾಗ. ನಮ್ಮ ಹಳೆಯ ಅಂಬಾಸಡರ್, ಪ್ರೀಮಿಯರ್ ಪದ್ಮಿನಿಗಳು ನಾಲ್ಕೂ ಚಕ್ರಕ್ಕೆ ಡ್ರಮ್ ಕಟ್ಟಿಕೊಂಡೇ ಘಾಟಿ ಹತ್ತಿ ಇಳಿದವು. ಇಂದು ರಸ್ತೆಯಲ್ಲಿರುವ ಸಣ್ಣ ಕಾರುಗಳಲ್ಲಿ ಬಹುತೇಕವು ಮುಂದೆ ಡಿಸ್ಕ್, ಹಿಂದೆ ಡ್ರಮ್ ಇರುವಂಥವು. ನಡುಕದ ಜಾಡು ಹಿಡಿಯುವಾಗ ಈ ಹಂಚಿಕೆ ನೆನಪಿರಬೇಕು.

ಬಾಗುವುದಲ್ಲ, ದಪ್ಪ ಏರುಪೇರಾಗುವುದು

‘ಬೆಂಡ್’ ಅಂದಾಗ ಕಣ್ಣಮುಂದೆ ಬರುವುದು ಕಾದು ಸೊಟ್ಟಗಾದ ತಟ್ಟೆ. ಆದರೆ ಡಿಸ್ಕ್ ಹಾಗೆ ಸೊಟ್ಟಗಾಗುವುದು ಅಪರೂಪ. ‘ಟ್ಯೂನ್ ಟು ವಿನ್’ ಪುಸ್ತಕದಿಂದ ಹೆಸರಾದ ಅಮೆರಿಕದ ರೇಸ್ ಎಂಜಿನಿಯರ್ ಕ್ಯಾರೊಲ್ ಸ್ಮಿತ್ ಈ ನಂಬಿಕೆಯ ಮೇಲೆಯೇ ಒಂದು ಲೇಖನ ಬರೆದಿದ್ದರು. ರಸ್ತೆ ಕಾರಿಗಿಂತ ಎಷ್ಟೋ ಪಟ್ಟು ಬಿಸಿಯಾಗುವ ರೇಸ್ ಬ್ರೇಕುಗಳ ಜೊತೆ ದಶಕಗಳ ಕಾಲ ಕೆಲಸ ಮಾಡಿದ ಅವರ ವಾದ, ಬಾಗಿದೆ ಎಂದು ಜನ ದೂರುವ ಡಿಸ್ಕ್‌ಗಳು ನಿಜಕ್ಕೂ ಬಾಗಿರುವುದಿಲ್ಲ, ಪ್ಯಾಡಿನ ವಸ್ತು ಅವುಗಳ ಮೇಲೆ ಒಂದೇ ಸಮನಾಗಿ ಕೂತಿರುವುದಿಲ್ಲ ಎಂಬುದು.

ಪ್ಯಾಡು ಡಿಸ್ಕನ್ನು ಉಜ್ಜುವಾಗ ಎರಡು ಬಗೆಯ ಕೆಲಸ ನಡೆಯುತ್ತದೆ. ಒಂದು, ಕೆರೆಯುವುದು. ಇನ್ನೊಂದು, ಪ್ಯಾಡಿನ ವಸ್ತು ತೆಳ್ಳನೆ ಪದರವಾಗಿ ಡಿಸ್ಕ್‌ಗೆ ಅಂಟಿಕೊಂಡು, ಆ ಪದರಕ್ಕೂ ಪ್ಯಾಡಿಗೂ ನಡುವೆ ಹಿಡಿತ ಉಂಟಾಗುವುದು. ಪದರ ಎಲ್ಲ ಕಡೆ ಸಮವಾಗಿದ್ದರೆ ಬ್ರೇಕ್ ಮೃದು. ಒಂದು ಕಡೆ ದಪ್ಪ, ಇನ್ನೊಂದು ಕಡೆ ತೆಳುವಾದರೆ ಡಿಸ್ಕಿನ ಒಟ್ಟು ದಪ್ಪವೇ ಒಂದೇ ಸುತ್ತಿನೊಳಗೆ ಏರಿಳಿಯುತ್ತದೆ. ದಪ್ಪ ಜಾಗ ಪ್ಯಾಡುಗಳ ನಡುವೆ ಬಂದಾಗ ಹಿಡಿತ ಹೆಚ್ಚು, ತೆಳು ಜಾಗ ಬಂದಾಗ ಕಡಿಮೆ. ಚಕ್ರ ಪ್ರತಿ ಸುತ್ತಿನಲ್ಲೂ ಒಮ್ಮೆ ಎಳೆದು ಒಮ್ಮೆ ಬಿಟ್ಟಂತೆ ನಡೆಯುತ್ತದೆ. ಕೈಗೂ ಕಾಲಿಗೂ ತಾಕುವುದು ಇದೇ.

ಎಷ್ಟು ಏರುಪೇರಾದರೆ ಕಾರು ನಡುಗುತ್ತದೆ? ಮಿಲಿಮೀಟರಿನ ನೂರನೇ ಎರಡು ಪಾಲು, ಅಂದರೆ 0.02 ಮಿ.ಮೀ. ಸಾಕು. ಕೆಲವು ಕಾರುಗಳಿಗೆ 0.015 ಮಿ.ಮೀ.ಯೂ ಸಾಕಾಗುತ್ತದೆ. ಇದು ಕಣ್ಣಿಗೆ ಕಾಣುವುದಿಲ್ಲ, ಬೆರಳಾಡಿಸಿದರೆ ತಿಳಿಯುವುದೂ ಇಲ್ಲ. ‘ನೋಡಿದರೆ ಗೊತ್ತಾಗುತ್ತೆ ಬಿಡಿ’ ಎನ್ನುವ ಮೆಕ್ಯಾನಿಕ್ಕಿನ ಮಾತನ್ನು ಒಪ್ಪಲಾಗದ್ದು ಇದಕ್ಕೇ.

ತೊಂಬತ್ತರ ಆಸುಪಾಸಿನಲ್ಲೇ ನಡುಕ ಜೋರಾಗುವುದಕ್ಕೂ ಕಾರಣವಿದೆ. ಸಾಧಾರಣ ಕಾರಿನ ಟೈರು ಒಂದು ಸುತ್ತಿಗೆ ಎರಡು ಮೀಟರಿಗೆ ತುಸು ಕಡಿಮೆ ದೂರ ಉರುಳುತ್ತದೆ. ಗಂಟೆಗೆ 80ರಿಂದ 100 ಕಿ.ಮೀ. ವೇಗದಲ್ಲಿ ಅದು ಸೆಕೆಂಡಿಗೆ 11ರಿಂದ 14 ಸುತ್ತು. ಮುಂದಿನ ಸಸ್ಪೆನ್ಷನ್ ಮತ್ತು ಸ್ಟೇರಿಂಗ್ ಜೋಡಣೆಯ ಸಹಜ ಕಂಪನವೂ ಹೆಚ್ಚುಕಡಿಮೆ ಈ ವ್ಯಾಪ್ತಿಯದೇ. ಎರಡರ ತಾಳ ಕೂಡಿದಾಗ ಸಣ್ಣ ಬಡಿತ ದೊಡ್ಡದಾಗುತ್ತದೆ. ಕಾರು ನಲವತ್ತಕ್ಕೆ ಇಳಿದರೆ ತಾಳ ತಪ್ಪಿ ನಡುಕ ಮಾಯವಾಗುತ್ತದೆ. ‘ಊರೊಳಗೆ ಗೊತ್ತಾಗಲ್ಲ ಸಾರ್’ ಎಂಬ ಮಾತಿನ ಹಿಂದಿರುವ ಲೆಕ್ಕ ಇದು.

ನಡುಕ ಎಲ್ಲಿ, ಯಾವಾಗ?

ಪಾನಾ ಕೈಗೆತ್ತಿಕೊಳ್ಳುವ ಮುನ್ನ ಕಾರು ಓಡಿಸಿಯೇ ಅರ್ಧ ರೋಗ ಹಿಡಿಯಬಹುದು. ಬ್ರೇಕ್ ಒತ್ತದಿದ್ದಾಗಲೂ ಎಂಬತ್ತು–ನೂರರಲ್ಲಿ ಸ್ಟೇರಿಂಗ್ ಅದುರಿದರೆ ಅದು ಬ್ರೇಕಿನ ಕಥೆಯಲ್ಲ. ವೀಲ್ ಬ್ಯಾಲೆನ್ಸಿಂಗ್, ಉಬ್ಬಿದ ಟೈರು ಅಥವಾ ಗುಂಡಿಗೆ ಬಿದ್ದು ಪೆಟ್ಟು ತಿಂದ ರಿಮ್ ಕಡೆ ನೋಡಬೇಕು. ವೇಗ ಏರಿಸುವಾಗ ಅದುರಿ, ಆಕ್ಸಿಲರೇಟರ್ ಬಿಟ್ಟೊಡನೆ ನಿಂತರೆ ಸಂಶಯ ಡ್ರೈವ್ ಶಾಫ್ಟಿನ ಒಳ ಜಾಯಿಂಟಿನ ಮೇಲೆ. ಬ್ರೇಕ್ ಒತ್ತಿದಾಗ ಮಾತ್ರ ಶುರುವಾಗಿ, ಬಿಟ್ಟಾಗ ನಿಲ್ಲುವ ನಡುಕವೇ ನಮ್ಮ ವಿಷಯ.

ಅದರಲ್ಲೂ ಸ್ಟೇರಿಂಗ್ ಅದುರಿದರೆ ಮುಂದಿನ ಡಿಸ್ಕ್. ಸ್ಟೇರಿಂಗ್ ತಣ್ಣಗಿದ್ದು ಸೀಟು, ಬೆನ್ನು ಅದುರಿದರೆ ಹಿಂದಿನ ಡ್ರಮ್ ಅಂಡಾಕಾರವಾಗಿರುವ ಸಾಧ್ಯತೆ ಹೆಚ್ಚು. ಖಚಿತಪಡಿಸಿಕೊಳ್ಳಲು ಒಂದು ಪರೀಕ್ಷೆಯಿದೆ. ಹಿಂದೆ ಮುಂದೆ ಯಾರೂ ಇಲ್ಲದ ನೇರ, ಒಣ ರಸ್ತೆಯಲ್ಲಿ ಮೂವತ್ತು–ನಲವತ್ತರ ವೇಗದಲ್ಲಿ, ಹ್ಯಾಂಡ್‌ಬ್ರೇಕಿನ ಗುಂಡಿ ಒತ್ತಿ ಹಿಡಿದೇ ಲಿವರನ್ನು ನಿಧಾನವಾಗಿ ಮೇಲೆಳೆಯಬೇಕು. ಹ್ಯಾಂಡ್‌ಬ್ರೇಕ್ ಹಿಂದಿನ ಚಕ್ರಗಳನ್ನಷ್ಟೇ ಹಿಡಿಯುವುದರಿಂದ, ಆಗಲೂ ನಡುಕ ಬಂದರೆ ಡ್ರಮ್ಮಿನದೇ ತಪ್ಪು. ಮಳೆಯಲ್ಲಿ, ತಿರುವಿನಲ್ಲಿ ಇದನ್ನು ಮಾಡಬಾರದು. ಗುಂಡಿ ಒತ್ತಿದರೆ ಹಿಡಿಯುವ ಎಲೆಕ್ಟ್ರಾನಿಕ್ ಪಾರ್ಕಿಂಗ್ ಬ್ರೇಕ್ ಇರುವ ಕಾರಿನಲ್ಲಂತೂ ಬೇಡವೇ ಬೇಡ.

ದೋಷವಲ್ಲದ ಒಂದು ಅದುರುವಿಕೆಯೂ ಇದೆ. 2019ರ ಏಪ್ರಿಲ್‌ನಿಂದ ದೇಶದಲ್ಲಿ ಮಾರಾಟವಾಗುವ ಎಲ್ಲ ಹೊಸ ಕಾರುಗಳಲ್ಲೂ ಎಬಿಎಸ್ ಕಡ್ಡಾಯ. ಮಳೆಯ ರಸ್ತೆಯಲ್ಲಿ ಅಥವಾ ಜಲ್ಲಿಯ ಮೇಲೆ ಗಟ್ಟಿಯಾಗಿ ಬ್ರೇಕ್ ಒತ್ತಿದಾಗ ಪೆಡಲ್ ಗರಗರ ಎಂದು ವೇಗವಾಗಿ ಒದೆಯುವುದು ಎಬಿಎಸ್ ತನ್ನ ಕೆಲಸ ಮಾಡುತ್ತಿರುವ ಸೂಚನೆ. ಹೆದರಿ ಕಾಲು ತೆಗೆಯಬಾರದು. ಒಣ ರಸ್ತೆಯಲ್ಲಿ ಮೆತ್ತಗೆ ನಿಲ್ಲಿಸುವಾಗ, ಕೊನೆಯ ಒಂದೆರಡು ಮೀಟರಿನಲ್ಲಿ ಹಾಗಾದರೆ ಮಾತ್ರ ಚಕ್ರದ ಸೆನ್ಸರ್ ಅಥವಾ ಅದರ ಹಲ್ಲಿನ ಬಳೆ ಬಿರುಕು ಬಿಟ್ಟಿದೆಯೇ ಎಂದು ನೋಡಿಸಬೇಕು.

‘ಎಲ್ಲಿ’ಯಷ್ಟೇ ಮುಖ್ಯವಾದದ್ದು ‘ಯಾವಾಗಿನಿಂದ’. ಟೈರು ಅದಲುಬದಲು ಮಾಡಿಸಿದ ಅಥವಾ ಪಂಕ್ಚರ್ ಹಾಕಿಸಿದ ಬಳಿಕವೇ? ಹಾಗಾದರೆ ಚಕ್ರದ ನಟ್ಟುಗಳ ಮೇಲೆ ಅನುಮಾನ. ಮಳೆಗಾಲದಲ್ಲಿ ವಾರಗಟ್ಟಲೆ ನಿಂತಿದ್ದ ಬಳಿಕವೇ? ತುಕ್ಕು. ಘಾಟಿ ಇಳಿದು ಬಂದ ಬಳಿಕವೇ? ಅತಿಬಿಸಿಯಾಗಿ ಪ್ಯಾಡಿನ ವಸ್ತು ಅಚ್ಚೊತ್ತಿರಬಹುದು. ಪ್ಯಾಡು, ಡಿಸ್ಕ್ ಬದಲಿಸಿ ಕೆಲವು ತಿಂಗಳಾದ ಮೇಲೆಯೇ? ಹಾಗಾದರೆ ಜೋಡಿಸಿದ ರೀತಿಯಲ್ಲೇ ಎಡವಟ್ಟಾಗಿದೆ. ಮೆಕ್ಯಾನಿಕ್ಕಿಗೆ ಈ ಚರಿತ್ರೆ ಹೇಳಿದರೆ ಅವನ ಕೆಲಸ ಅರ್ಧ ಹಗುರ.

ಚಕ್ರ ಬಿಚ್ಚಿದ ಮೇಲೆ

ಜ್ಯಾಕ್ ಒಂದನ್ನೇ ನಂಬಿ ಕಾರಿನ ಕೆಳಗೆ ಕೈ ಹಾಕಬಾರದು. ಉಳಿದ ಚಕ್ರಗಳಿಗೆ ಅಡ್ಡ ಇಟ್ಟು, ಸ್ಟ್ಯಾಂಡ್ ಕೊಟ್ಟು ಚಕ್ರ ಬಿಚ್ಚಿದ ಮೇಲೆ ಮೊದಲು ನೋಡಬೇಕಾದ್ದು ಬೇರಿಂಗ್ ಮತ್ತು ಕೀಲುಗಳನ್ನು. ವೀಲ್ ಬೇರಿಂಗ್‌ನಲ್ಲಿ ಆಟವಿದ್ದರೆ ಡಿಸ್ಕಿನ ಯಾವ ಅಳತೆಗೂ ಬೆಲೆಯಿಲ್ಲ. ಲೋವರ್ ಆರ್ಮ್ ಬುಷ್, ಬಾಲ್ ಜಾಯಿಂಟ್, ಟೈ ರಾಡ್ ಎಂಡ್ ಸವೆದಿದ್ದರೆ ಅವು ನಡುಕವನ್ನು ಹುಟ್ಟಿಸದಿದ್ದರೂ ಹಲವು ಪಟ್ಟು ಹೆಚ್ಚಿಸುತ್ತವೆ. ನಮ್ಮ ಹಂಪು, ಗುಂಡಿಗಳ ದೆಸೆಯಿಂದ ಈ ರಬ್ಬರ್ ಬುಷ್‌ಗಳು ಬೇಗ ಹರಿಯುತ್ತವೆ.

ಆಮೇಲೆ ಪ್ಯಾಡುಗಳನ್ನು ಡಿಸ್ಕಿಗೆ ಒತ್ತುವ ಕ್ಯಾಲಿಪರ್. ಅದರ ಜಾರು ಪಿನ್ನುಗಳು ತುಕ್ಕು ಹಿಡಿದು ಕಚ್ಚಿಕೊಂಡರೆ ಒಳಗಿನ ಪ್ಯಾಡು ಹೆಚ್ಚು, ಹೊರಗಿನದು ಕಡಿಮೆ ಸವೆದಿರುತ್ತದೆ. ಪಿಸ್ಟನ್ ಹಿಂದೆ ಸರಿಯದಿದ್ದರೆ ಪ್ಯಾಡು ಯಾವಾಗಲೂ ಡಿಸ್ಕನ್ನು ಉಜ್ಜುತ್ತಲೇ ಇರುತ್ತದೆ. ಹತ್ತಿಪ್ಪತ್ತು ಕಿಲೋಮೀಟರ್ ಓಡಿಸಿ ನಿಲ್ಲಿಸಿ ರಿಮ್ ಬಳಿ ಕೈಯೊಡ್ಡಿದರೆ, ಮುಟ್ಟದೆಯೇ, ಒಂದು ಚಕ್ರ ಉಳಿದವಕ್ಕಿಂತ ಹೆಚ್ಚು ಕಾದಿರುವುದು ತಿಳಿಯುತ್ತದೆ. ದೂರದಿಂದಲೇ ಬಿಸಿ ಅಳೆಯುವ ಇನ್‌ಫ್ರಾರೆಡ್ ಥರ್ಮಾಮೀಟರ್ ಇದ್ದರೆ ಊಹೆಗೂ ಜಾಗವಿಲ್ಲ. ಹೊರಗೆ ಚೆನ್ನಾಗಿ ಕಾಣುವ ಬ್ರೇಕ್ ಹೋಸ್ ಒಳಗೇ ಊದಿಕೊಂಡು ಒತ್ತಡವನ್ನು ಹಿಡಿದಿಡುವುದೂ ಉಂಟು. ಪಿನ್ನುಗಳಿಗೆ ಹಚ್ಚಬೇಕಾದ್ದು ಶಾಖ ತಡೆಯುವ ಸಿಲಿಕಾನ್ ಗ್ರೀಸ್. ಡಬ್ಬಿಯಲ್ಲಿರುವ ಮಾಮೂಲಿ ಗ್ರೀಸ್ ಬಳಿದರೆ ರಬ್ಬರ್ ಉಬ್ಬಿ ಪಿನ್ನು ಮತ್ತೆ ಕಚ್ಚುತ್ತದೆ.

ಈಗ ಅಳತೆಯ ಸರದಿ. ಬೇಕಾದ್ದು ಎರಡೇ ಸಾಧನ: ಆಯಸ್ಕಾಂತದ ಸ್ಟ್ಯಾಂಡಿನ ಮೇಲೆ ಕೂರುವ ಡಯಲ್ ಗೇಜ್ ಮತ್ತು ಮೈಕ್ರೋಮೀಟರ್. ಡಿಸ್ಕನ್ನು ನಟ್ಟು, ವಾಷರ್ ಹಾಕಿ ಹಬ್‌ಗೆ ಬಿಗಿದು, ಹೊರ ಅಂಚಿನಿಂದ ಒಂದು ಸೆಂಟಿಮೀಟರ್ ಒಳಗೆ ಗೇಜಿನ ಮೊನೆ ತಾಗಿಸಿ, ನಿಧಾನವಾಗಿ ಒಂದು ಸುತ್ತು ತಿರುಗಿಸಬೇಕು. ಮುಳ್ಳು ಎಷ್ಟು ಆಡಿತೋ ಅಷ್ಟು ಡಿಸ್ಕ್ ಪಕ್ಕಕ್ಕೆ ತೂಗುತ್ತಿದೆ ಎಂದರ್ಥ. ಇದೇ ರನ್‌ಔಟ್. ಮಿತಿ ಕಾರಿನಿಂದ ಕಾರಿಗೆ ಬೇರೆಯಾದರೂ ಸಾಮಾನ್ಯವಾಗಿ 0.05ರಿಂದ 0.1 ಮಿ.ಮೀ. ಒಳಗೇ ಇರುತ್ತದೆ. ಬಳಿಕ ಮೈಕ್ರೋಮೀಟರಿನಲ್ಲಿ ಡಿಸ್ಕಿನ ದಪ್ಪವನ್ನು ಸುತ್ತಲೂ ಎಂಟು ಕಡೆ ಅಳೆದು ಸೀಮೆಸುಣ್ಣದಲ್ಲಿ ಬರೆಯಬೇಕು. ಅತಿ ಹೆಚ್ಚು ಮತ್ತು ಅತಿ ಕಡಿಮೆ ಅಂಕಿಗಳ ವ್ಯತ್ಯಾಸ 0.02 ಮುಟ್ಟಿದರೆ ನಡುಕದ ಮೂಲ ಸಿಕ್ಕಂತೆ.

ಈ ಎರಡು ಅಳತೆಗಳ ನಂಟೇ ಇಡೀ ಪ್ರಕರಣದ ತಿರುಳು. ತೂಗುವ ಡಿಸ್ಕ್, ಬ್ರೇಕ್ ಒತ್ತದಿದ್ದಾಗಲೂ, ಪ್ರತಿ ಸುತ್ತಿನಲ್ಲಿ ಒಂದೇ ಜಾಗದಲ್ಲಿ ಪ್ಯಾಡಿಗೆ ತಾಗುತ್ತದೆ. ಸಾವಿರ ಕಿಲೋಮೀಟರ್ ಓಡುವಷ್ಟರಲ್ಲಿ ಆ ಜಾಗ ಐದು ಲಕ್ಷ ಸಲ ಉಜ್ಜಿಸಿಕೊಂಡಿರುತ್ತದೆ. ಒಂದೋ ಅಲ್ಲಿ ಸವೆಯುತ್ತದೆ, ಇಲ್ಲವೇ ಪ್ಯಾಡಿನ ವಸ್ತು ಅಂಟಿ ದಪ್ಪಗಾಗುತ್ತದೆ. ಹೊಸ ಡಿಸ್ಕ್ ಹಾಕಿದ ದಿನ ನಡುಕ ಇರುವುದಿಲ್ಲ, ಏಕೆಂದರೆ ದಪ್ಪ ಇನ್ನೂ ಸಮವಾಗಿದೆ. ತೂಗಾಟ ಮಾತ್ರ ಹಾಗೇ ಉಳಿದಿದೆ. ಐದಾರು ಸಾವಿರ ಕಿಲೋಮೀಟರ್ ಬಳಿಕ ದೂರು ಮರಳಿ ಬರುವುದು ಹೀಗೆ.

ಹಬ್‌ನ ತುಕ್ಕು, ನಟ್ಟಿನ ಬಿಗಿ

ಡಿಸ್ಕ್ ಸರಿಯಿದ್ದೂ ತೂಗುವುದೇಕೆ? ಅದು ಕೂರುವ ಹಬ್‌ನ ಮುಖ ಸಮತಟ್ಟಾಗಿಲ್ಲದಿದ್ದರೆ ಹಾಗಾಗುತ್ತದೆ. ಹಬ್‌ನ ಅಂಚಿನಲ್ಲಿ 0.05 ಮಿ.ಮೀ. ತುಕ್ಕಿನ ಹಕ್ಕಳೆ ಕೂತರೆ, ಡಿಸ್ಕ್ ಅದಕ್ಕಿಂತ ಅಗಲವಾದ್ದರಿಂದ ಹೊರ ಅಂಚಿನಲ್ಲಿ ತೂಗಾಟ ಹೆಚ್ಚುಕಡಿಮೆ ಎರಡರಷ್ಟಾಗುತ್ತದೆ. ಅಲ್ಲಿಗೆ ಮಿತಿ ಮುಗಿಯಿತು. ಮಂಗಳೂರು, ಉಡುಪಿ, ಕಾರವಾರದ ಉಪ್ಪುಗಾಳಿ, ಮಲೆನಾಡಿನ ನಾಲ್ಕು ತಿಂಗಳ ಮಳೆ, ಎರಡೂ ಈ ತುಕ್ಕಿಗೆ ಹೇಳಿ ಮಾಡಿಸಿದ ಹವೆ. ಹಳೆಯ ಡಿಸ್ಕನ್ನು ಸುತ್ತಿಗೆಯಲ್ಲಿ ಬಡಿದು ಬಿಡಿಸಿ, ಹಬ್ ಒರೆಸದೆಯೇ ಹೊಸದನ್ನು ತೂರಿಸುವುದು ನಮ್ಮ ಗ್ಯಾರೇಜುಗಳಲ್ಲಿ ಪ್ರತಿದಿನ ಕಾಣುವ ದೃಶ್ಯ. ತಂತಿ ಬ್ರಶ್, ನಯವಾದ ಎಮರಿ ಹಾಳೆ, ಹತ್ತು ನಿಮಿಷದ ಕೈಕೆಲಸ ಇದ್ದರೆ ತೀರುವ ಸಮಸ್ಯೆ ಇದು. ಒರೆಸಿದ ಮೇಲೂ ತೂಗಾಟ ಉಳಿದರೆ ಡಿಸ್ಕನ್ನು ಒಂದು ಸ್ಟಡ್ಡಿನಷ್ಟು ತಿರುಗಿಸಿ ಕೂರಿಸಿ ಮತ್ತೆ ಅಳೆಯಬೇಕು. ಹಬ್‌ನ ಓರೆ ಮತ್ತು ಡಿಸ್ಕಿನ ಓರೆ ಒಂದನ್ನೊಂದು ಕಳೆಯುವ ಸ್ಥಾನ ಎಷ್ಟೋ ಸಲ ಸಿಗುತ್ತದೆ. ಖರ್ಚು ಸೊನ್ನೆ.

ಎರಡನೆಯ ಖಳ, ಟೈರ್ ಅಂಗಡಿಯ ಗಾಳಿ ಗನ್. ಡಿಸ್ಕನ್ನು ಹಬ್‌ಗೆ ಒತ್ತಿ ಹಿಡಿಯುವುದು ಚಕ್ರದ ನಟ್ಟುಗಳೇ. ನಾಲ್ಕರಲ್ಲಿ ಒಂದನ್ನು ಕಿತ್ತುಬರುವಷ್ಟು, ಇನ್ನೊಂದನ್ನು ಅರೆಬರೆ ಬಿಗಿದರೆ ಡಿಸ್ಕಿನ ನಡುವಿನ ಟೋಪಿಯಾಕಾರದ ಭಾಗ ಸೂಕ್ಷ್ಮವಾಗಿ ಸೆಟೆದುಕೊಂಡು ತೂಗಾಟ ಹುಟ್ಟುತ್ತದೆ. ಸಣ್ಣ ಕಾರುಗಳ ನಟ್ಟಿಗೆ ಸಾಮಾನ್ಯವಾಗಿ 85ರಿಂದ 110 ನ್ಯೂಟನ್ ಮೀಟರ್ ಬಿಗಿ ಸಾಕು. ನಿಮ್ಮ ಕಾರಿನ ನಿಖರ ಅಂಕಿ ಮಾಲೀಕರ ಕೈಪಿಡಿಯಲ್ಲಿರುತ್ತದೆ. ಎದುರುಬದುರು ನಟ್ಟುಗಳನ್ನು ಅಡ್ಡಡ್ಡವಾಗಿ, ಎರಡು ಮೂರು ಹಂತದಲ್ಲಿ, ಕೊನೆಯ ಹಂತವನ್ನು ಟಾರ್ಕ್ ವ್ರೆಂಚಿನಲ್ಲೇ ಬಿಗಿಯಬೇಕು. ಪಂಕ್ಚರ್ ಅಂಗಡಿಯಲ್ಲಿ ಆ ವ್ರೆಂಚ್ ಇಲ್ಲದಿದ್ದರೆ ಕೈಪಾನಾದಲ್ಲಿ ಬಿಗಿಯಲು ಹೇಳಿ, ಮನೆಗೆ ಬಂದ ಮೇಲೆ ಸರಿಮಾಡಿಸಿಕೊಳ್ಳಿ.

ಲೇತಿಗೋ, ಗುಜರಿಗೋ?

ದಪ್ಪ ಏರುಪೇರಾದ ಡಿಸ್ಕನ್ನು ಲೇತಿಗೆ ಕೊಟ್ಟು ಎರಡೂ ಮುಖ ಸಮ ಮಾಡಿಸಬಹುದು. ಅದಕ್ಕೆ ಮೂರು ಷರತ್ತು. ಮೊದಲನೆಯದು, ಡಿಸ್ಕಿನ ಮೇಲೆ ‘ಮಿನ್ ಟಿಎಚ್’ ಎಂದು ಅಚ್ಚೊತ್ತಿರುವ ಕನಿಷ್ಠ ದಪ್ಪಕ್ಕಿಂತ ಅದು ತೆಳುವಾಗಬಾರದು. 22 ಮಿ.ಮೀ. ದಪ್ಪದ ಹೊಸ ಡಿಸ್ಕಿಗೆ ಆ ಮಿತಿ ಸಾಮಾನ್ಯವಾಗಿ 20ರ ಆಸುಪಾಸು. ಎರಡನೆಯದು, ಡಿಸ್ಕನ್ನು ಲೇತಿನ ಮೇಲೆ ಕೂರಿಸುವಾಗಲೂ ಹಬ್ ತಾಗುವ ಮುಖವನ್ನೇ ಆಧಾರವಾಗಿಟ್ಟುಕೊಂಡಿರಬೇಕು. ಇಲ್ಲದಿದ್ದರೆ ಲೇತಿನ ಓರೆ ಡಿಸ್ಕಿಗೆ ದಾಟುತ್ತದೆ. ಕಾರಿನ ಮೇಲೆಯೇ ಕೂತು ಕೆತ್ತುವ ಲೇತುಗಳು ಕೆಲವು ವರ್ಕ್‌ಶಾಪ್‌ಗಳಲ್ಲಿವೆ. ಅವು ಹಬ್‌ನ ಓರೆಯನ್ನೂ ಸೇರಿಸಿ ಸರಿಪಡಿಸುವುದರಿಂದ ಮೊದಲ ಆಯ್ಕೆ ಅವೇ ಆಗಬೇಕು.

ಮೂರನೆಯ ಷರತ್ತು ಲೋಹದ್ದು. ಅಂಟಿದ ವಸ್ತುವಿನ ಅಡಿಯಲ್ಲಿ ಎರಕದ ಕಬ್ಬಿಣ 650–700 ಡಿಗ್ರಿಯಷ್ಟು ಕಾದರೆ ಅಲ್ಲಿ ಸಿಮೆಂಟೈಟ್ ಎಂಬ ಗಡುಸಾದ ಕಬ್ಬಿಣದ ಕಾರ್ಬೈಡ್ ಹುಟ್ಟುತ್ತದೆ. ಅದು ಸುತ್ತಲಿನ ಲೋಹದಷ್ಟು ಬೇಗ ಸವೆಯುವುದಿಲ್ಲ. ಮೇಲ್ಮೈ ಕೆತ್ತಿದರೂ ಅದರ ಬೇರು ಒಳಗೆ ಉಳಿದಿದ್ದರೆ ಸ್ವಲ್ಪ ದಿನದಲ್ಲೇ ಅಲ್ಲಿ ಉಬ್ಬು ಕಾಣಿಸಿಕೊಳ್ಳುತ್ತದೆ. ಡಿಸ್ಕಿನ ಮೇಲೆ ನೀಲಿ, ಕಪ್ಪು ಮಚ್ಚೆಗಳು ಸಾಲಾಗಿ ಕಂಡರೆ, ಕೂದಲೆಳೆಯಂಥ ಬಿರುಕುಗಳು ಅಂಚು ಮುಟ್ಟಿದ್ದರೆ ಲೇತಿನ ದುಡ್ಡು ದಂಡ. ಹೊಸದನ್ನೇ ಹಾಕಿ.

ಹೊಸದು ಹಾಕುವಾಗ ಎಡ ಬಲ ಎರಡೂ ಒಟ್ಟಿಗೆ, ಪ್ಯಾಡುಗಳೂ ಒಟ್ಟಿಗೆ. ಹಳೆಯ ಡಿಸ್ಕಿನ ಏರುಪೇರಿಗೆ ಹೊಂದಿ ಸವೆದ ಪ್ಯಾಡನ್ನು ಹೊಸದರ ಮೇಲೆ ಕೂರಿಸಿದರೆ ಹಳೆಯ ರೋಗ ಹೊಸ ಡಿಸ್ಕಿಗೆ ಅಂಟುತ್ತದೆ. ಪೆಟ್ಟಿಗೆಯಿಂದ ತೆಗೆದ ಡಿಸ್ಕಿನ ಮೇಲಿರುವ ತುಕ್ಕುನಿರೋಧಕ ಎಣ್ಣೆಯನ್ನು ಬ್ರೇಕ್ ಕ್ಲೀನರಿನಿಂದ ಪೂರ್ತಿ ತೆಗೆಯಬೇಕು. ಹಳೆಯ ಧೂಳನ್ನು ಗಾಳಿ ಪೈಪಿನಲ್ಲಿ ಊದಬಾರದು, ಅದು ಶ್ವಾಸಕೋಶಕ್ಕೆ ಒಳ್ಳೆಯದಲ್ಲ. ಬೆಂಗಳೂರಿನ ಜೆ.ಸಿ. ರಸ್ತೆಯಂಥ ಬಿಡಿಭಾಗದ ಪೇಟೆಯಲ್ಲಿ ಒಂದೇ ಕಾರಿಗೆ ಹತ್ತಾರು ದರದ ಪ್ಯಾಡು ಸಿಗುತ್ತದೆ. ಬ್ರೇಕಿನ ವಿಷಯದಲ್ಲಿ ಬಿಲ್ ಇಲ್ಲದ ಅಗ್ಗದ ಪೆಟ್ಟಿಗೆ ಮುಟ್ಟದಿರುವುದೇ ಲೇಸು.

ಹೊಸ ಜೋಡಿ ಹಾಕಿದ ದಿನವೇ ಹೈವೇಗೆ ಹೋಗಿ ಬ್ರೇಕ್ ಜಗ್ಗುವುದು ಇನ್ನೊಂದು ತಪ್ಪು. ಪ್ಯಾಡಿನ ಪದರ ಡಿಸ್ಕಿನ ಮೇಲೆ ಸಮವಾಗಿ ಹರಡಲು ಸಮಯ ಕೊಡಬೇಕು. ಖಾಲಿ ರಸ್ತೆಯಲ್ಲಿ ಐವತ್ತರಿಂದ ಹತ್ತರವರೆಗೆ ಮೆತ್ತಗೆ ವೇಗ ತಗ್ಗಿಸಿ, ಪೂರ್ತಿ ನಿಲ್ಲಿಸದೆ, ಅರ್ಧ ನಿಮಿಷ ಓಡಿಸಿ ಆರಲು ಬಿಟ್ಟು ಮತ್ತೆ ತಗ್ಗಿಸಬೇಕು. ಹೀಗೆ ಇಪ್ಪತ್ತು ಮೂವತ್ತು ಸಲ. ಬಳಿಕ ಇನ್ನೂರು ಮುನ್ನೂರು ಕಿಲೋಮೀಟರ್ ತನಕ ಹಠಾತ್ ಬ್ರೇಕ್ ತಪ್ಪಿಸಿದರೆ ಸಾಕು.

ಘಾಟಿ ಇಳಿಯುವವರ ಕಾಲಿಗೆ

ನಡುಕಕ್ಕೆ ಬೀಜ ಬೀಳುವುದು ಹೆಚ್ಚಾಗಿ ಇಳಿಜಾರಿನಲ್ಲಿ. 1,200 ಕಿಲೋದ ಕಾರು 500 ಮೀಟರ್ ಎತ್ತರದಿಂದ ಕೆಳಗಿಳಿದರೆ ಬಿಡುಗಡೆಯಾಗುವ ಶಕ್ತಿ ಸುಮಾರು 59 ಲಕ್ಷ ಜೌಲ್. ಎಂಬತ್ತರ ವೇಗದಿಂದ ಇಪ್ಪತ್ತು ಸಲ ನಿಲ್ಲಿಸಿದ್ದಕ್ಕೆ ಸಮ. ಆಗುಂಬೆಯ 14 ತಿರುವುಗಳನ್ನೋ, ಚಾರ್ಮಾಡಿಯನ್ನೋ, ಶಿರಾಡಿಯನ್ನೋ ಬ್ರೇಕ್ ಮೇಲೆ ಕಾಲಿಟ್ಟೇ ಇಳಿದರೆ ಅಷ್ಟೂ ಬಿಸಿ ಡಿಸ್ಕ್ ಮತ್ತು ಡ್ರಮ್ಮಿನ ಪಾಲು. ಎರಡನೇ ಅಥವಾ ಮೂರನೇ ಗೇರಿನಲ್ಲಿ ಇಳಿದರೆ ಅದರಲ್ಲಿ ದೊಡ್ಡ ಪಾಲನ್ನು ಎಂಜಿನ್ನೇ ನುಂಗುತ್ತದೆ. ಹತ್ತುವಾಗ ಯಾವ ಗೇರು ಬೇಕಾಗುತ್ತದೋ ಇಳಿಯುವಾಗಲೂ ಅದೇ ಗೇರು ಎಂಬ ಹಳೆಯ ಡ್ರೈವರುಗಳ ಸೂತ್ರ ಇಂದಿಗೂ ಸರಿ. ಆಟೊಮ್ಯಾಟಿಕ್ ಕಾರಿನಲ್ಲಿ ‘ಎಲ್’ ಅಥವಾ ಮ್ಯಾನ್ಯುವಲ್ ಮೋಡ್ ಇರುವುದು ಇದಕ್ಕೇ.

ಪೆಟ್ರೋಲ್ ಉಳಿಸಲು ನ್ಯೂಟ್ರಲ್‌ನಲ್ಲಿ ಇಳಿಯುವವರು ಇಂದಿಗೂ ಇದ್ದಾರೆ. ಈಗಿನ ಫ್ಯುಯೆಲ್ ಇಂಜೆಕ್ಷನ್ ಎಂಜಿನ್‌ಗಳು ಗೇರಿನಲ್ಲಿದ್ದು ಆಕ್ಸಿಲರೇಟರ್ ಬಿಟ್ಟಾಗ ಇಂಧನವನ್ನೇ ನಿಲ್ಲಿಸುತ್ತವೆ. ನ್ಯೂಟ್ರಲ್‌ನಲ್ಲಿ ಎಂಜಿನ್ ಐಡಲ್ ಆಗಿ ಓಡಲು ಇಂಧನ ಕುಡಿಯುತ್ತಲೇ ಇರುತ್ತದೆ. ಉಳಿತಾಯವೂ ಇಲ್ಲ, ಬ್ರೇಕೂ ಉಳಿಯುವುದಿಲ್ಲ. ಎಂಜಿನ್ ಆಫ್ ಮಾಡಿ ಇಳಿಯುವುದಂತೂ ಆತ್ಮಹತ್ಯೆಗೆ ಸಮ. ಬ್ರೇಕ್ ಬೂಸ್ಟರಿನ ಬಲ ಒಂದೆರಡು ಒತ್ತಿಗೆ ಮುಗಿದುಹೋಗುತ್ತದೆ.

ಇಳಿದ ಕೂಡಲೇ ಚಹಾ ಅಂಗಡಿಯ ಮುಂದೆ ಬ್ರೇಕ್ ಪೆಡಲ್ ಒತ್ತಿ ಹಿಡಿದೇ ಮಾತಿಗಿಳಿಯಬೇಡಿ. ಕಾದ ಡಿಸ್ಕಿಗೆ ಕಾದ ಪ್ಯಾಡು ಒಂದೇ ಜಾಗದಲ್ಲಿ ಒತ್ತಿದಾಗಲೇ ಅಚ್ಚು ಮೂಡುವುದು. ಕೊನೆಯ ಒಂದೆರಡು ಕಿಲೋಮೀಟರನ್ನು ಬ್ರೇಕ್ ಮುಟ್ಟದೆ ಓಡಿಸಿ ಗಾಳಿ ಕೊಡಿ. ನಿಂತ ಮೇಲೆ ಸಮತಟ್ಟು ಜಾಗದಲ್ಲಿ ಗೇರು ಹಾಕಿ, ಚಕ್ರಕ್ಕೆ ಕಲ್ಲು ಕೊಟ್ಟು ಪೆಡಲ್ ಬಿಡಿ. ಧರ್ಮಸ್ಥಳವೋ ಸುಬ್ರಹ್ಮಣ್ಯವೋ ತಲುಪಿದ ಕೂಡಲೇ ಬಿಸಿ ಚಕ್ರಕ್ಕೆ ನೀರು ಹೊಡೆಸುವುದೂ ಬೇಡ.

ಬ್ರೇಕ್ ಆಯಿಲನ್ನೂ ಮರೆಯಬೇಡಿ. ಡಾಟ್ 3 ದರ್ಜೆಯದು ಹೊಸದಿದ್ದಾಗ ಕನಿಷ್ಠ 205 ಡಿಗ್ರಿವರೆಗೆ ಕುದಿಯುವುದಿಲ್ಲ. ಗಾಳಿಯ ತೇವ ಹೀರಿಕೊಂಡ ಮೇಲೆ ಆ ಮಿತಿ 140ಕ್ಕೆ ಇಳಿಯಬಹುದು. ಡಾಟ್ 4ಕ್ಕೆ ಈ ಅಂಕಿಗಳು 230 ಮತ್ತು 155. ಕುದಿದರೆ ಪೆಡಲ್ ಮೆತ್ತಗಾಗಿ ತಳ ಮುಟ್ಟುತ್ತದೆ. ಅದು ನಡುಕಕ್ಕಿಂತ ಎಷ್ಟೋ ದೊಡ್ಡ ಅಪಾಯ. ಎರಡು ವರ್ಷಕ್ಕೊಮ್ಮೆ ಬದಲಿಸಿದರೆ ನಿಶ್ಚಿಂತೆ.

ಎಲೆಕ್ಟ್ರಿಕ್ ಕಾರು ಕೊಂಡವರಿಗೆ ಇದೆಲ್ಲ ಸಂಬಂಧವಿಲ್ಲ ಎಂದೇನಿಲ್ಲ. ಅಲ್ಲಿ ಮೋಟಾರೇ ವೇಗ ತಗ್ಗಿಸಿ ಬ್ಯಾಟರಿಗೆ ವಿದ್ಯುತ್ ಮರಳಿಸುವುದರಿಂದ ಡಿಸ್ಕಿಗೆ ಕೆಲಸ ಕಡಿಮೆ. ಕೆಲಸವಿಲ್ಲದ ಡಿಸ್ಕಿಗೆ ತುಕ್ಕು ಬೇಗ. ವಾರಕ್ಕೊಮ್ಮೆಯಾದರೂ ಖಾಲಿ ರಸ್ತೆಯಲ್ಲಿ ನಾಲ್ಕೈದು ಸಲ ಗಟ್ಟಿಯಾಗಿ ಬ್ರೇಕ್ ಒತ್ತಿದರೆ ಮೇಲ್ಪದರದ ತುಕ್ಕು ಉಜ್ಜಿಹೋಗುತ್ತದೆ. ತಿಂಗಳುಗಟ್ಟಲೆ ಅಂಗಳದಲ್ಲಿ ನಿಲ್ಲುವ ಪೆಟ್ರೋಲ್, ಡೀಸೆಲ್ ಕಾರಿಗೂ ಇದೇ ಮಾತು.

ಗ್ಯಾರೇಜಿನಲ್ಲಿ ಕೇಳಬೇಕಾದ್ದು

* ಬೇರಿಂಗ್, ಬುಷ್, ಬಾಲ್ ಜಾಯಿಂಟ್ ನೋಡಿದಿರಾ?
* ರನ್‌ಔಟ್ ಎಷ್ಟಿತ್ತು? ದಪ್ಪದ ವ್ಯತ್ಯಾಸ ಎಷ್ಟಿತ್ತು?
* ಡಿಸ್ಕಿನ ಕನಿಷ್ಠ ದಪ್ಪ ಎಷ್ಟು, ಈಗಿರುವುದು ಎಷ್ಟು?
* ಕ್ಯಾಲಿಪರ್ ಪಿನ್ನು ಬಿಚ್ಚಿ ಗ್ರೀಸ್ ಮಾಡಿದಿರಾ?
* ಹಬ್‌ನ ಮುಖ ಒರೆಸಿದಿರಾ? ಜೋಡಿಸಿದ ಮೇಲೆ ಮತ್ತೆ ಅಳೆದಿರಾ?
* ನಟ್ಟು ಬಿಗಿದದ್ದು ಟಾರ್ಕ್ ವ್ರೆಂಚಿನಲ್ಲೋ, ಗನ್ನಿನಲ್ಲೋ?

ಈ ಪ್ರಶ್ನೆಗಳಿಗೆ ಮುಖ ಗಂಟಿಕ್ಕುವವರು ಸಿಗುತ್ತಾರೆ, ಖುಷಿಯಿಂದ ಗೇಜ್ ತೆಗೆದು ತೋರಿಸುವವರೂ ಸಿಗುತ್ತಾರೆ. ಎರಡನೆಯವರ ಬಳಿ ಕಾರು ಬಿಡಿ, ಕೂಲಿ ನಾಲ್ಕು ಕಾಸು ಹೆಚ್ಚಾದರೂ ಚಿಂತೆಯಿಲ್ಲ. ನಡುಗುವ ಬ್ರೇಕಿನಲ್ಲಿ ದೂರದ ಪ್ರಯಾಣ, ಘಾಟಿ ಪ್ರಯಾಣ ಮುಂದೂಡಿ. ಹಾಗೆಯೇ, ರನ್‌ಔಟ್ ಮತ್ತು ದಪ್ಪದ ಅಂಕಿಗಳನ್ನು ಜಾಬ್ ಕಾರ್ಡಿನ ಮೇಲೆ ಬರೆದುಕೊಡುವವರೆಗೆ ಹೊಸ ಡಿಸ್ಕಿಗೆ ಒಪ್ಪಿಗೆ ಕೊಡಬೇಡಿ.